ಮಾರ್ಚ್‌ನ ಸಾಲು ನೋಡಿ ನವೆಂಬರ್‌ನ ಲೆಕ್ಕ ಹಾಕಬೇಡಿ

2008ರ ಮಾರ್ಚ್ 4ರ ಸಂಜೆ. ಡಲ್ಲಾಸ್ ಹೊರವಲಯದ ಒಂದು ಶಾಲೆಯ ಮುಂದೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಒಳಗೆ ಹೋದವರು ಹಾಸನದ ಕಡೆಯ ಹಿರಿಯರೊಬ್ಬರು. ಈ ಊರಿನ ಕನ್ನಡಿಗರಿಗೆಲ್ಲ ಅವರು ಅಣ್ಣ. ಬೆಳಿಗ್ಗೆಯೇ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ನವೆಂಬರ್‌ನ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಆರಿಸುವ ಮತದಾನದಲ್ಲಿ, ಮತ ಹಾಕಿ ಬಂದಿದ್ದರು. ಆಗ ಟೆಕ್ಸಾಸ್‌ನಲ್ಲಿ ಆ ಪಕ್ಷದವರಿಗೆ ಒಂದು ವಿಚಿತ್ರ ಪದ್ಧತಿಯಿತ್ತು. ಹಗಲು ಮತ ಹಾಕಿದವರು ಮತದಾನ ಮುಗಿದ ಮೇಲೆ ಅದೇ ಜಾಗಕ್ಕೆ ಮತ್ತೆ ಬಂದು ಸಭೆ ಸೇರಿ, ತಮ್ಮ ಅಭ್ಯರ್ಥಿಯ ಹೆಸರಿನ ಮುಂದೆ ಸಹಿ ಮಾಡಬೇಕಿತ್ತು. ಅಭ್ಯರ್ಥಿಯನ್ನು ಕೊನೆಗೆ ಆರಿಸುವ ಪಕ್ಷದ ಪ್ರತಿನಿಧಿಗಳಲ್ಲಿ ಒಂದು ಪಾಲು ಹಗಲಿನ ಮತದಿಂದ, ಇನ್ನೊಂದು ಪಾಲು ರಾತ್ರಿಯ ಸಭೆಯಿಂದ ಹಂಚಿಕೆಯಾಗುತ್ತಿತ್ತು. ನಾನು ಕೆಲಸದ ವೀಸಾದಲ್ಲಿದ್ದೆ, ಮತವಿರಲಿಲ್ಲ. ಅವರ ಕಾರು ರಿಪೇರಿಗೆ ಹೋಗಿದ್ದರಿಂದ ಅಂದು ನಾನೇ ಸಾರಥಿ.

ಶಾಲೆಯ ಬಾಗಿಲಿನಿಂದ ಹೊರಟ ಸಾಲು ಕಟ್ಟಡವನ್ನು ಒಂದು ಸುತ್ತು ಹಾಕಿ ಕಾರು ನಿಲ್ಲಿಸುವ ಬಯಲಿಗೆ ಬಂದಿತ್ತು. ಮಡಚುವ ಕುರ್ಚಿ ತಂದುಕೊಂಡು ಕುಳಿತ ಅಜ್ಜಿಯರು, ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡ ತಾಯಂದಿರು, ಸಾಲಿನಲ್ಲೇ ಪಿಜ್ಜಾ ಹಂಚಿಕೊಂಡು ತಿನ್ನುತ್ತಿದ್ದ ಕಾಲೇಜು ಹುಡುಗರು. ಅಣ್ಣ ಹೊರಗೆ ಬಂದಾಗ ರಾತ್ರಿ ಹತ್ತು ದಾಟಿತ್ತು. ಕಾರಿನ ಬಾಗಿಲು ಹಾಕಿಕೊಳ್ಳುವ ಮೊದಲೇ ಹೇಳಿದರು: "ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾಯಿತು, ಇಂಥ ಜನವನ್ನು ನಾನು ನೋಡಿಲ್ಲ. ಬರೆದಿಟ್ಟುಕೋ, ನವೆಂಬರ್‌ನಲ್ಲಿ ಟೆಕ್ಸಾಸ್ ಡೆಮಾಕ್ರಟರ ಕಡೆ ತಿರುಗುತ್ತದೆ." ಆ ಸಾಲನ್ನು ಕಣ್ಣಾರೆ ಕಂಡ ನಾನು ನಂಬದೆ ಇರುವುದು ಹೇಗೆ?

ಅಂಕಿಗಳೂ ಅವರ ಮಾತಿಗೆ ಸಾಕ್ಷಿ ಹೇಳಿದವು. ಟೆಕ್ಸಾಸ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ 28 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದ್ದರು. ರಿಪಬ್ಲಿಕನ್ ಪ್ರೈಮರಿಗೆ ಬಂದವರು 13 ಲಕ್ಷ ಚಿಲ್ಲರೆ. ಎರಡಕ್ಕೆ ಒಂದು! ಮುಂದಿನ ತಿಂಗಳು ಯುಗಾದಿ ಊಟದ ಪಂಕ್ತಿಯಲ್ಲಿ ಒಬ್ಬಟ್ಟಿಗಿಂತ ಈ ಲೆಕ್ಕವೇ ಹೆಚ್ಚು ಸಲ ಬಡಿಸಲ್ಪಟ್ಟಿತು. ನವೆಂಬರ್ ಬಂತು. ಒಬಾಮಾ ದೇಶವನ್ನು ಗೆದ್ದರು, ಟೆಕ್ಸಾಸ್ ಮಾತ್ರ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಅವರ ಪಾಲಾಯಿತು. ಅದೂ ಅಲ್ಪಸ್ವಲ್ಪ ಅಂತರದಲ್ಲಿ ಅಲ್ಲ, ಶೇಕಡಾ 12ರಷ್ಟು ಮುನ್ನಡೆಯಲ್ಲಿ. ಆ ರಾತ್ರಿ ಅಣ್ಣನ ಮನೆಯಲ್ಲಿ ಟಿವಿ ಮುಂದೆ ಕುಳಿತಿದ್ದೆವು. ದೇಶದ ಫಲಿತಾಂಶಕ್ಕೆ ಎದ್ದು ಚಪ್ಪಾಳೆ ತಟ್ಟಿದವರು ನಮ್ಮ ರಾಜ್ಯದ ಅಂಕಿ ಬಂದಾಗ ಸುಮ್ಮನೆ ಕೂತುಬಿಟ್ಟರು. "ಆ ಸಾಲಿನಲ್ಲಿದ್ದ ಜನ ಎಲ್ಲಿ ಹೋದರು?" ಎಂದು ಕೇಳಿದರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇವತ್ತು ಇಷ್ಟು ಉದ್ದ ಬರೆಯಲು ಕಾರಣವೂ ಅದೇ. ಪ್ರೈಮರಿಗಳ ಕಾಲ ಬಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡೂ ಪಕ್ಷದ ಅಭಿಮಾನಿಗಳು ಒಂದೇ ಬಗೆಯ ಸಂದೇಶ ಕಳಿಸುತ್ತಾರೆ. ನಮ್ಮವರು ಇಷ್ಟು ಲಕ್ಷ, ಅವರು ಬರೀ ಇಷ್ಟು, ಇನ್ನು ನವೆಂಬರ್ ನಮ್ಮದೇ. ಓದಿದವರು, ದಿನವಿಡೀ ಅಂಕಿಅಂಶಗಳ ನಡುವೆಯೇ ದುಡಿಯುವವರು ಕೂಡ ಇದನ್ನು ನಂಬಿ ಮುಂದೆ ಕಳಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಟೆಕ್ಸಾಸ್‌ನದೇ ಮುಂದಿನ ಕತೆ ಕೇಳಿ. 2016ರಲ್ಲಿ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಟೆಡ್ ಕ್ರೂಜ್, ಟ್ರಂಪ್, ರೂಬಿಯೊ ಸೆಣಸಾಡಿದ ರಿಪಬ್ಲಿಕನ್ ಪ್ರೈಮರಿಗೆ 28 ಲಕ್ಷ ಜನ ಬಂದರು. ಡೆಮಾಕ್ರಟಿಕ್ ಪ್ರೈಮರಿಗೆ 14 ಲಕ್ಷ. ಈ ಸಲವೂ ಎರಡಕ್ಕೆ ಒಂದು, ಆದರೆ ಎದುರು ದಿಕ್ಕಿನಲ್ಲಿ. ಪ್ರೈಮರಿಯ ಸಂಖ್ಯೆಗೆ ಭವಿಷ್ಯ ಹೇಳುವ ಶಕ್ತಿ ಇದ್ದಿದ್ದರೆ ನವೆಂಬರ್‌ನಲ್ಲಿ ರಿಪಬ್ಲಿಕನ್ನರ ಮುನ್ನಡೆ 12ರಿಂದ 20ಕ್ಕೋ 25ಕ್ಕೋ ಏರಬೇಕಿತ್ತು. ಅದು 9ಕ್ಕೆ ಇಳಿಯಿತು. ಅದೇ ರಾಜ್ಯ, ಎಂಟೇ ವರ್ಷದ ಅಂತರ. ಪ್ರೈಮರಿಯಲ್ಲಿ ಅರ್ಧದಷ್ಟಿದ್ದವರು ದುಪ್ಪಟ್ಟಾದರು, ನವೆಂಬರ್‌ನಲ್ಲಿ ಅವರ ಗೆಲುವು ಸಣ್ಣದಾಯಿತು. ಪ್ರೈಮರಿಯ ಜನಸಂಖ್ಯೆ ಶಕುನವಲ್ಲ ಎಂದು ಯಾರಿಗಾದರೂ ತೋರಿಸಬೇಕೆಂದರೆ ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಹಾಗಾದರೆ ಆ ಸಾಲು ಏನನ್ನು ಅಳೆಯುತ್ತದೆ? ಸ್ಪರ್ಧೆಯ ಕಾವನ್ನು. 2008ರ ಮಾರ್ಚ್ 4ರ ಹೊತ್ತಿಗೆ ಒಬಾಮಾ ಮತ್ತು ಹಿಲರಿ ಕ್ಲಿಂಟನ್ ನಡುವೆ ಒಂದೊಂದು ಪ್ರತಿನಿಧಿಗಾಗಿ ಕಾದಾಟ ನಡೆದಿತ್ತು. ರಿಪಬ್ಲಿಕನ್ ಪಕ್ಷದಲ್ಲಿ ಮೆಕೇನ್ ಅವರ ಗೆಲುವು ಎಲ್ಲರಿಗೂ ಗೊತ್ತಿದ್ದ ವಿಷಯ, ಆ ರಾತ್ರಿಯೇ ಅವರಿಗೆ ಬೇಕಾದಷ್ಟು ಪ್ರತಿನಿಧಿಗಳು ಸಿಕ್ಕಿದರು. ತೀರ್ಮಾನವಾಗಿಹೋದ ಸ್ಪರ್ಧೆಗೆ ಕೆಲಸ ಬಿಟ್ಟು ಯಾರು ಬರುತ್ತಾರೆ? ಬರದವರು ಪಕ್ಷ ಬಿಟ್ಟವರಲ್ಲ. ಅವರು ಮನೆಯಲ್ಲಿದ್ದರು, ನವೆಂಬರ್‌ನಲ್ಲಿ ಎದ್ದು ಬಂದರು. ಅಣ್ಣನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ಸಾಲಿನಲ್ಲಿದ್ದ ಜನ ಎಲ್ಲಿಗೂ ಹೋಗಿರಲಿಲ್ಲ, ಅವರಲ್ಲಿ ಹೆಚ್ಚಿನವರು ನವೆಂಬರ್‌ನಲ್ಲೂ ಬಂದಿದ್ದರು. ಮಾರ್ಚ್‌ನಲ್ಲಿ ಎಲ್ಲೂ ಕಾಣದಿದ್ದ ಇನ್ನೊಂದು ಜನಸ್ತೋಮ ಅವರ ಜೊತೆಗೆ ಬಂದಿತ್ತು, ಅಷ್ಟೇ. ಒಲೆಯ ಮೇಲೆ ಹಾಲು ಉಕ್ಕಿದರೆ ಬೆಂಕಿ ಜೋರಾಗಿದೆ ಎಂದು ಅರ್ಥ, ಪಾತ್ರೆಯಲ್ಲಿ ಹಾಲು ಹೆಚ್ಚಾಯಿತು ಎಂದಲ್ಲ.

"2008ರಲ್ಲಿ ದೇಶದಾದ್ಯಂತ ಡೆಮಾಕ್ರಟಿಕ್ ಪ್ರೈಮರಿಗೆ 3.5 ಕೋಟಿಗೂ ಹೆಚ್ಚು ಜನ ಬಂದರು, ರಿಪಬ್ಲಿಕನ್ನರದು ಸುಮಾರು 2 ಕೋಟಿ. ಗೆದ್ದವರು ಒಬಾಮಾ ಅಲ್ಲವೇ?" ಎಂದು ಗೆಳೆಯರು ವಾದಿಸುತ್ತಾರೆ. ನಿಜ. ಆದರೆ ಹೊಂದಿದ ಉದಾಹರಣೆ ನೆನಪಿನಲ್ಲಿ ಉಳಿಯುತ್ತದೆ, ಹೊಂದದ್ದು ಮರೆತುಹೋಗುತ್ತದೆ. ಹಾಲಿ ಅಧ್ಯಕ್ಷರೇ ಕಣದಲ್ಲಿದ್ದರೆ ಅವರ ಪಕ್ಷದ ಪ್ರೈಮರಿಯಲ್ಲಿ ಸಾಮಾನ್ಯವಾಗಿ ಸ್ಪರ್ಧೆಯೇ ಇರುವುದಿಲ್ಲ, ಹೋಲಿಕೆಗೆ ಅರ್ಥವಿಲ್ಲ. 1984ರಲ್ಲಿ ಎದುರಾಳಿಯೇ ಇಲ್ಲದ ರೇಗನ್ ಅವರ ಪ್ರೈಮರಿಗೆ ಬಂದವರು ಕಡಿಮೆ, ನವೆಂಬರ್‌ನಲ್ಲಿ ಅವರು ಗೆದ್ದ ರಾಜ್ಯಗಳು 49. ಆದ್ದರಿಂದ ಹಾಲಿ ಅಧ್ಯಕ್ಷರಿಲ್ಲದ ಚುನಾವಣೆಗಳನ್ನಷ್ಟೇ ತೆಗೆದುಕೊಳ್ಳೋಣ. 1988, 2000, 2008, 2016. 1988ರಲ್ಲಿ ಡೆಮಾಕ್ರಟರಾದ ಡುಕಾಕಿಸ್, ಜೆಸ್ಸಿ ಜಾಕ್ಸನ್, ಅಲ್ ಗೋರ್ ಮುಂತಾದವರ ಸೆಣಸಾಟಕ್ಕೆ ಸುಮಾರು 2.3 ಕೋಟಿ ಜನ ಬಂದರು, ರಿಪಬ್ಲಿಕನ್ನರ ಕಡೆ ಅದರ ಅರ್ಧದಷ್ಟು. ಗೆದ್ದದ್ದು ರಿಪಬ್ಲಿಕನ್ನರ ಹಿರಿಯ ಬುಷ್, 40 ರಾಜ್ಯಗಳಲ್ಲಿ. 2000ದಲ್ಲಿ ರಿಪಬ್ಲಿಕನ್ನರಾದ ಕಿರಿಯ ಬುಷ್ ಮತ್ತು ಮೆಕೇನ್ ಜಗಳಕ್ಕೆ ಹೆಚ್ಚು ಜನ ಸೇರಿದ್ದರು. ಇಲ್ಲಿ ಗೆಲುವು ರಾಜ್ಯವಾರು ಲೆಕ್ಕದ ಮೇಲೆ ನಿಲ್ಲುವುದರಿಂದ ಬುಷ್ ಫ್ಲಾರಿಡಾದ 537 ಮತಗಳಿಂದ ಅಧ್ಯಕ್ಷರಾದರು ನಿಜ, ದೇಶದ ಒಟ್ಟು ಮತದಲ್ಲಿ ಗೋರ್ ಅವರಿಗಿಂತ 5 ಲಕ್ಷ ಹಿಂದಿದ್ದರು. 2016ರಲ್ಲೂ ರಿಪಬ್ಲಿಕನ್ ಪ್ರೈಮರಿಗೆ ತುಸು ಹೆಚ್ಚು ಜನ ಬಂದಿದ್ದರು. ಟ್ರಂಪ್ ಗೆದ್ದರು, ಒಟ್ಟು ಮತದಲ್ಲಿ 28 ಲಕ್ಷಕ್ಕೂ ಹೆಚ್ಚು ಹಿಂದಿದ್ದರು. ಅಂದರೆ ಪ್ರೈಮರಿಗೆ ಹೆಚ್ಚು ಜನರನ್ನು ಸೆಳೆದ ಪಕ್ಷ ನವೆಂಬರ್‌ನಲ್ಲೂ ಹೆಚ್ಚು ಮತ ಪಡೆದದ್ದು ಈ ನಾಲ್ಕರಲ್ಲಿ ಒಂದೇ ಒಂದು ಸಲ. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಹೆಚ್ಚು ಸಲ ಸರಿಯಾಗುತ್ತಿತ್ತೇನೋ. ನಾಲ್ಕೇ ಚುನಾವಣೆಗಳಿಂದ ವಿರುದ್ಧದ ನಿಯಮವನ್ನೂ ಕಟ್ಟಲಾಗದು, ಆದರೆ ನಿಯಮವಿದೆ ಎಂದು ಎದೆ ತಟ್ಟಿ ಹೇಳುವವರಿಗೆ ಇಷ್ಟು ಸಾಕು.

2016ರಲ್ಲಿ ಟ್ರಂಪ್ ಮತ್ತು ಅವರ ಬೆಂಬಲಿಗರು ಲಕ್ಷಾಂತರ ಹೊಸಬರನ್ನು ಪಕ್ಷಕ್ಕೆ ಕರೆತಂದಿದ್ದೇವೆ ಎಂದು ಹೇಳಿಕೊಂಡರು. ಆಗ ಪತ್ರಕರ್ತರು ಕೆಲವು ರಾಜ್ಯಗಳ ಮತದಾರರ ದಾಖಲೆ ತೆಗೆದು ನೋಡಿದಾಗ ಕಂಡದ್ದೇ ಬೇರೆ. ಪ್ರೈಮರಿಗೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಹಿಂದಿನ ನವೆಂಬರ್ ಚುನಾವಣೆಗಳಲ್ಲಿ ಮತ ಹಾಕುತ್ತಲೇ ಬಂದವರು, ಪ್ರೈಮರಿಗೆ ಮಾತ್ರ ಮೊದಲ ಸಲ ಬಂದಿದ್ದರು. ನವೆಂಬರ್‌ನ ಬುತ್ತಿಯಲ್ಲಿ ಆಗಲೇ ಇದ್ದ ಮತವನ್ನು ಮಾರ್ಚ್‌ನಲ್ಲಿ ಮತ್ತೊಮ್ಮೆ ಎಣಿಸಿದಂತಾಯಿತು.

ಈ ಮಾತಿನ ಆಳ ನನಗೆ ಅರ್ಥವಾದದ್ದು ಪೌರತ್ವ ಸಿಕ್ಕ ಮೇಲೆ, 2018ರಲ್ಲಿ. ಯಾವ ಪಕ್ಷಕ್ಕೂ ಸೇರದ ಸ್ವಯಂಸೇವಕರ ಜೊತೆ ಮತದಾರರ ನೋಂದಣಿಗೆಂದು ಮನೆಮನೆ ತಿರುಗಿದೆ. ಒಂದು ಮನೆಯ ಬಾಗಿಲು ತೆರೆದವರು ಎಪ್ಪತ್ತು ದಾಟಿದ ಅಮ್ಮ. ನಲವತ್ತು ವರ್ಷದಲ್ಲಿ ಒಂದೇ ಒಂದು ನವೆಂಬರ್ ಚುನಾವಣೆಯನ್ನೂ ತಪ್ಪಿಸಿಲ್ಲವಂತೆ. ಪ್ರೈಮರಿಗೆ ಹೋಗುತ್ತೀರಾ ಎಂದರೆ, "ಅದು ಪಕ್ಷದವರ ವಿಷಯ, ನನಗೇನು?" ಎಂದರು. ಅಂದು ಇಂಥ ಉತ್ತರ ಎಷ್ಟು ಮನೆಗಳಲ್ಲಿ ಸಿಕ್ಕಿತೆಂದರೆ, ಸಂಜೆ ಹೊತ್ತಿಗೆ ನಾನು ಪ್ರೈಮರಿಯ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. 2016ರಲ್ಲಿ ಎರಡೂ ಪಕ್ಷಗಳ ಪ್ರೈಮರಿಗೆ ಬಂದವರನ್ನು ಕೂಡಿಸಿದರೂ ಅರ್ಹ ಮತದಾರರಲ್ಲಿ ನೂರಕ್ಕೆ 29 ಮಂದಿಯನ್ನು ದಾಟಿರಲಿಲ್ಲ. ನವೆಂಬರ್‌ನಲ್ಲಿ ಬಂದವರು ನೂರಕ್ಕೆ 60. ಅರ್ಧಕ್ಕಿಂತ ಹೆಚ್ಚು ಜನ ಇನ್ನೂ ಬಾಯಿಯೇ ತೆರೆಯದಿರುವಾಗ ಅವರ ಮನಸ್ಸು ಹೀಗಿದೆ ಎಂದು ಹೇಳುವುದು ಹೇಗೆ?

ಬಂದವರೆಲ್ಲ ಆ ಪಕ್ಷದವರೇ ಎಂದುಕೊಳ್ಳುವುದೂ ತಪ್ಪು. ಟೆಕ್ಸಾಸ್‌ನಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸುವುದಿಲ್ಲ. ಮತಗಟ್ಟೆಗೆ ಹೋದರೆ ಯಾವ ಪಕ್ಷದ ಮತಪತ್ರ ಬೇಕು ಎಂದು ಕೇಳುತ್ತಾರೆ, ಹೇಳಿದ್ದನ್ನು ಕೊಡುತ್ತಾರೆ. 2008ರಲ್ಲಿ ರೇಡಿಯೊ ನಿರೂಪಕ ರಷ್ ಲಿಂಬಾ ತಮ್ಮ ರಿಪಬ್ಲಿಕನ್ ಕೇಳುಗರಿಗೆ, ಹೋಗಿ ಹಿಲರಿಗೆ ಮತ ಹಾಕಿ, ಅವರ ಜಗಳ ಮುಗಿಯದಂತೆ ನೋಡಿಕೊಳ್ಳಿ ಎಂದು ಬಹಿರಂಗವಾಗಿಯೇ ಕರೆ ಕೊಟ್ಟಿದ್ದರು. ವೆಸ್ಟ್ ವರ್ಜೀನಿಯಾದ ಸಂಗತಿ ಇನ್ನೂ ವಿಚಿತ್ರ. ಅಲ್ಲಿ 2021ರ ಆರಂಭದವರೆಗೂ ದಾಖಲೆಯಲ್ಲಿ ಡೆಮಾಕ್ರಟರೇ ಹೆಚ್ಚಿದ್ದರೂ ಅಧ್ಯಕ್ಷ ಚುನಾವಣೆಯಲ್ಲಿ 2000ದಿಂದೀಚೆಗೆ ಪ್ರತಿ ಸಲವೂ ಗೆದ್ದದ್ದು ರಿಪಬ್ಲಿಕನ್. 2012ರಲ್ಲಿ ಹಾಲಿ ಅಧ್ಯಕ್ಷ ಒಬಾಮಾ ವಿರುದ್ಧ ಅಲ್ಲಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತವನು ಟೆಕ್ಸಾಸ್‌ನ ಜೈಲಿನಲ್ಲಿದ್ದ ಕೈದಿ. ಅವನಿಗೆ ನೂರಕ್ಕೆ 41 ಮತ ಬಿದ್ದವು! ಆ ವರ್ಷ ಒಬಾಮಾ ಎರಡನೆಯ ಸಲ ಅಧ್ಯಕ್ಷರಾದರು.

ಊರಿನ ಗೆಳೆಯರು ಇದನ್ನು ಓದುವಾಗ ನಮಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಕರ್ನಾಟಕದಲ್ಲೂ ಒಮ್ಮೆ ಪ್ರೈಮರಿ ನಡೆದಿತ್ತು ಎಂಬುದು ಬಹಳ ಜನರಿಗೆ ಮರೆತುಹೋಗಿದೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷ ರಾಹುಲ್ ಗಾಂಧಿಯವರ ಆಸಕ್ತಿಯಿಂದ ದೇಶದ ಕೆಲವೇ ಕ್ಷೇತ್ರಗಳಲ್ಲಿ ಈ ಪ್ರಯೋಗ ಮಾಡಿತು. ನಮ್ಮಲ್ಲಿ ಆಯ್ಕೆಯಾದವು ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಮತ ಹಾಕಿದವರು ಪಕ್ಷದೊಳಗಿನವರು ಮಾತ್ರ. ಮಂಗಳೂರಿನಲ್ಲಿ ಜನಾರ್ದನ ಪೂಜಾರಿ, ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ ಪಕ್ಷದೊಳಗಿನ ಸ್ಪರ್ಧೆ ಗೆದ್ದು ಟಿಕೆಟ್ ಪಡೆದರು. ಇಬ್ಬರೂ ಲೋಕಸಭೆಗೆ ಸೋತರು. ಆ ಸೋಲಿಗೆ ಪ್ರೈಮರಿ ಕಾರಣವಲ್ಲ, ಆ ವರ್ಷದ ಗಾಳಿಯೇ ಹಾಗಿತ್ತು. ಮನೆಯೊಳಗಿನ ಗೆಲುವು ಬೀದಿಯ ಗಾಳಿಯನ್ನು ತಡೆಯಲಾರದು ಎಂಬುದಷ್ಟೇ ನನ್ನ ಮಾತು. ಪ್ರೈಮರಿ ಬಿಡಿ, ನಿಜವಾದ ಮತದಾರರೇ ಹಾಕಿದ ಮತ ಕೂಡ ಆರು ತಿಂಗಳಲ್ಲಿ ಬೇರೆ ಮಾತಾಡಬಲ್ಲದು. 2018ರ ನವೆಂಬರ್‌ನ ಬಳ್ಳಾರಿ ಲೋಕಸಭಾ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಉಗ್ರಪ್ಪನವರು 2.43 ಲಕ್ಷ ಮತಗಳ ಅಂತರದಲ್ಲಿ ಗೆದ್ದಾಗ ಬಳ್ಳಾರಿಯ ರಾಜಕೀಯವೇ ಬದಲಾಯಿತು ಎಂದು ಎಷ್ಟು ಜನ ಬರೆದರು! ಮುಂದಿನ ಮೇ ತಿಂಗಳಲ್ಲಿ ಅದೇ ಕ್ಷೇತ್ರದಲ್ಲಿ ಅವರೇ ಸೋತರು.

ಪ್ರೈಮರಿಯ ಅಂಕಿಗಳಿಂದ ಏನೂ ತಿಳಿಯುವುದಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಆಗಸ್ಟ್‌ನಲ್ಲಿ ನಡೆಯುವ ಪ್ರೈಮರಿಯಲ್ಲಿ ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ಒಂದೇ ಮತಪತ್ರದಲ್ಲಿರುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಮತಪತ್ರ ಅಂಚೆಯಲ್ಲಿ ಎಲ್ಲರ ಮನೆಗೂ ಬರುತ್ತದೆ. ಅಲ್ಲಿ ಜನ ಪಕ್ಷಗಳ ನಡುವೆಯೇ ಆರಿಸುವುದರಿಂದ ಮತಗಳ ಪಾಲು ಗಾಳಿಯ ದಿಕ್ಕನ್ನು ಒಂದಿಷ್ಟು ತೋರಿಸುತ್ತದೆ. 2022ರಲ್ಲಿ ರಿಪಬ್ಲಿಕನ್ ಅಲೆ ಬರುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದಾಗ, ಡೆಮಾಕ್ರಟಿಕ್ ಸೆನೆಟರ್ ಪ್ಯಾಟಿ ಮರ್ರಿ ಆ ಪ್ರೈಮರಿಯಲ್ಲೇ ಅರ್ಧಕ್ಕಿಂತ ಹೆಚ್ಚು ಮತ ಪಡೆದರು. ನವೆಂಬರ್‌ನಲ್ಲಿ ಅವರು ಗೆದ್ದದ್ದು ಶೇಕಡಾ 57 ಮತದಿಂದ, ಅಲೆ ಬರಲಿಲ್ಲ. ಅಲ್ಲಿ ಸುಳಿವು ಕೊಟ್ಟದ್ದು ಎಷ್ಟು ಜನ ಬಂದರು ಎಂಬ ಲೆಕ್ಕವಲ್ಲ, ಬಂದವರು ಯಾರನ್ನು ಬಿಟ್ಟು ಯಾರನ್ನು ಆರಿಸಿದರು ಎಂಬುದು.

2024ರ ಎರಡು ಘಟನೆಗಳ ಬಗ್ಗೆ ನಾನು ಇನ್ನೂ ಯೋಚಿಸುತ್ತಿದ್ದೇನೆ. ಫೆಬ್ರವರಿಯಲ್ಲಿ ಮಿಷಿಗನ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಬೈಡನ್ ಅವರನ್ನು ಬಿಟ್ಟು 'ಅನ್‌ಕಮಿಟೆಡ್', ಅಂದರೆ ಯಾರ ಪರವೂ ಅಲ್ಲ, ಎಂದು ಗುರುತು ಹಾಕಿದರು. ಗಾಜಾ ಯುದ್ಧದ ವಿಷಯದಲ್ಲಿ ಅವರಿಗೆ ಸಿಟ್ಟಿತ್ತು. ಅರಬ್ ಮೂಲದವರು ಹೆಚ್ಚಾಗಿರುವ ಡಿಯರ್‌ಬಾರ್ನ್ ಊರಿನಲ್ಲಿ ಬೈಡನ್ ಅವರಿಗಿಂತ ಆ ಗುರುತಿಗೇ ಹೆಚ್ಚು ಮತ ಬಿತ್ತು. ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಅವರ ಪ್ರತಿಸ್ಪರ್ಧಿಯಾಗಿದ್ದ ನಿಕ್ಕಿ ಹೇಲಿ ಅವರಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮತ ಬಿತ್ತು, ಅವರು ಕಣದಿಂದ ಹೊರನಡೆದು ಒಂದೂವರೆ ತಿಂಗಳಾದ ಮೇಲೆ. ಎರಡನ್ನೂ ಪಂಡಿತರು ಪಕ್ಷದೊಳಗಿನ ಬಿರುಕು ಎಂದೇ ಓದಿದರು. ನವೆಂಬರ್‌ನಲ್ಲಿ ಒಂದು ನಿಜವಾಯಿತು, ಇನ್ನೊಂದು ಹುಸಿಯಾಯಿತು. ಡಿಯರ್‌ಬಾರ್ನ್‌ನಲ್ಲಿ ಟ್ರಂಪ್ ಅವರೇ, ಬೈಡನ್ ಬದಲಿಗೆ ನಿಂತ ಕಮಲಾ ಹ್ಯಾರಿಸ್‌ಗಿಂತ ಮುಂದೆ ಬಂದರು, ಮಿಷಿಗನ್ ಅನ್ನು ಸುಮಾರು 80 ಸಾವಿರ ಮತಗಳಿಂದ ಗೆದ್ದರು. ಪೆನ್ಸಿಲ್ವೇನಿಯಾವನ್ನೂ ಅವರೇ ಗೆದ್ದರು, ಹೇಲಿ ಅವರ ಮತಗಳು ಅವರ ದಾರಿಗೆ ಅಡ್ಡವಾಗಲಿಲ್ಲ. ಮಿಷಿಗನ್‌ನವರು ತಮಗೇನು ಬೇಕೆಂದು ಬಾಯಿಬಿಟ್ಟು ಹೇಳಿದ್ದರು, ಹೆಸರಿಟ್ಟು ಸಂಘಟನೆ ಕಟ್ಟಿದ್ದರು, ಅವರ ಅಹವಾಲು ನವೆಂಬರ್‌ವರೆಗೂ ತೀರಲಿಲ್ಲ. ಸಂಖ್ಯೆಯನ್ನು ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ಕಾಣಲಿಲ್ಲ. ಆ ಜನರ ಮನೆಗೆ ಹೋಗಿ ಚಹಾ ಕುಡಿದು ಬಂದವರಿಗೆ ಕಂಡಿತ್ತು.

ಇಷ್ಟೆಲ್ಲ ಹೇಳುವುದು ಲೆಕ್ಕದ ತಪ್ಪು ತಿದ್ದಲಿಕ್ಕಷ್ಟೇ ಅಲ್ಲ. ಈ ತಪ್ಪು ಎಣಿಕೆಯಿಂದ ಆಗುವ ನಷ್ಟವನ್ನು ಕಣ್ಣಾರೆ ಕಂಡಿದ್ದೇನೆ. 2008ರ ಬೇಸಿಗೆಯಲ್ಲಿ ಅಣ್ಣನ ಜೊತೆ ಓಡಾಡುತ್ತಿದ್ದವರಲ್ಲಿ ಅರ್ಧ ಜನ ಕೈಬಿಟ್ಟರು. ಮಾರ್ಚ್‌ನಲ್ಲೇ 28 ಲಕ್ಷ ಬಂದಿದ್ದಾರೆ, ಇನ್ನು ಬಾಗಿಲು ಬಡಿಯುವುದು ಯಾಕೆ ಎಂದರು. ಸಾಲಿನಲ್ಲಿ ನಿಂತವರನ್ನು ಮತ್ತೆ ಮತ್ತೆ ಎಣಿಸಿ ಸಂತೋಷಪಟ್ಟರು, ಸಾಲಿಗೆ ಬರದವರ ಬಾಗಿಲಿಗೆ ಹೋಗಲಿಲ್ಲ.

ನಮ್ಮ ಕಣ್ಣು ದೊಡ್ಡ ಸಂಖ್ಯೆಯ ಮೇಲೆಯೇ ನೆಟ್ಟಿರುವುದರಿಂದ ಸಣ್ಣ ಸಂಖ್ಯೆ ಕಾಣುವುದಿಲ್ಲ ಎಂಬುದು ನನ್ನ ದೊಡ್ಡ ದುಃಖ. ಟೆಕ್ಸಾಸ್ ಪ್ರೈಮರಿಯಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟು ಉಳಿದ ಸ್ಥಾನಗಳಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರ ನಡುವೆ ಮೇ ತಿಂಗಳಲ್ಲಿ ಇನ್ನೊಂದು ಸುತ್ತು ನಡೆಯುತ್ತದೆ. ಅಧ್ಯಕ್ಷರ ಹೆಸರಿಲ್ಲದ, ಟಿವಿಯಲ್ಲಿ ಕಾಣದ ಚುನಾವಣೆ ಅದು. ಕೌಂಟಿ ನ್ಯಾಯಾಧೀಶರು, ಶಾಸಕರು ಇಲ್ಲಿ ತೀರ್ಮಾನವಾಗುತ್ತಾರೆ. ಒಂದೇ ಪಕ್ಷ ಗಟ್ಟಿಯಾಗಿರುವ ಕ್ಷೇತ್ರಗಳಲ್ಲಿ ಇದೇ ಕಡೆಯ ತೀರ್ಪು.

ಅಂಥದೊಂದು ಮೇ ತಿಂಗಳ ಮಂಗಳವಾರ ಕೆಲಸ ಮುಗಿಸಿ ಮತಗಟ್ಟೆಗೆ ಹೋದೆ. ಅಣ್ಣ 2008ರಲ್ಲಿ ಸಾಲು ನಿಂತಿದ್ದ ಅದೇ ಶಾಲೆ. ಹೊರಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಗೆ ವ್ಯಾಯಾಮದ ಅಂಗಳದಲ್ಲಿ ಮೂವರು ವಯಸ್ಸಾದ ಸಿಬ್ಬಂದಿ ಕುಳಿತಿದ್ದರು, ಒಬ್ಬರು ಸ್ವೆಟರ್ ಹೆಣೆಯುತ್ತಿದ್ದರು. ನನ್ನನ್ನು ಕಂಡು ಮೂವರೂ ಎದ್ದು ನಿಂತರು. ಬೆಳಿಗ್ಗೆ ಏಳರಿಂದ ಎಷ್ಟು ಜನ ಬಂದರು ಎಂದು ಕೇಳಿದೆ. ಪಟ್ಟಿ ನೋಡಿ, "ನಿಮ್ಮನ್ನು ಸೇರಿಸಿ ನಲವತ್ತಮೂರು" ಎಂದರು. ಆಗ ಸಂಜೆ ಆರು ಗಂಟೆ.

ನವೆಂಬರ್‌ನಲ್ಲಿ ಅದೇ ಶಾಲೆಗೆ ಮತ್ತೆ ಹೋದೆ. ಸಾಲು ಬಾಗಿಲಿನವರೆಗೂ ಇತ್ತು. ಮತಪತ್ರದಲ್ಲಿ ಕೆಳಗಿಳಿಯುತ್ತ ಆ ಸ್ಥಾನಕ್ಕೆ ಬಂದಾಗ ಅಲ್ಲಿ ಒಂದೇ ಒಂದು ಹೆಸರಿತ್ತು. ನಾವು ನಲವತ್ತಮೂರು ಜನ ಮೇ ತಿಂಗಳಲ್ಲಿ ಮತ ಹಾಕಿ ಹೋಗಿದ್ದ ಸುತ್ತಿನಲ್ಲಿ ಗೆದ್ದವರ ಹೆಸರು.